ಚಾಂದಬೀಬಿಯ ಚರಿತ್ರೆ

ವಿಜಾಪುರ ಪಟ್ಟಣವನ್ನು ನೋಡಿಬಂದ ವಾಚಕರಲ್ಲಿ ಅನೇಕರು ಗೋಲಗುಮ್ಮಟವನ್ನು ಕಂಡಿರುವರು. ಅದೇ ಪಟ್ಟಣದಲ್ಲಿ ಚಾಂದ ಬಾವಡಿ ಎಂಬ ಒಂದು ದೊಡ್ಡ ಬಾವಿಯೂ ಉಂಟು. ಒಂದನೆಯ ಅಲಿ ಆದಿಲಶಾಹನು 1579ನೆಯ ಇಸವಿಯಲ್ಲಿ ಅದನ್ನು ಕಟ್ಟಿಸಿ ತನ್ನ ರಾಣಿಯ ಹೆಸರನ್ನು ಅದಕ್ಕಿಟ್ಟನು. ಆ ಕಾಲದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಗಳು ಅದೇ ಸಿಂಹಾಸನಕ್ಕೆ ಒಳಪಟ್ಟಿದ್ದವು. ಆದಕಾರಣ ಆ ರಾಣಿಯ ಜೀವಿತವನ್ನು ತಿಳಿಯುವದು ನಮ್ಮ ಸೀಮೆಯವರಿಗೆ ಯೋಗ್ಯವಾಗಿದೆ.

ಚಾಂದಬೀಬಿಯು ಅಹಮದನಗರದ ಅರಸನಾದ ಹುಸೇನ ನಿಜಾಮಶಾಹನ ಮಗಳು. ಆ ಊರಿಗೆ ಈಗ ಅಹಿಲ್ಯಾನಗರವೆಂದು ಹೆಸರು. ಅಹಮದನಗರಕ್ಕೂ ವಿಜಾಪುರಕ್ಕೂ ಸೊಲ್ಲಾಪುರದ ಕೋಟೆಯ ನಿಮಿತ್ತ ಬಹುಕಾಲದಿಂದ ಹಗೆ ನಡೆಯುತ್ತಿತ್ತು. ವಿಜಯನಗರದ ಮೇಲೆ ಯುದ್ಧಕ್ಕೆ ಹೋಗಬೇಕೆಂದು ಇಬ್ಬರು ಅರಸರೂ ಆಲೋಚಿಸಿದಾಗ ಮೊದಲು ತಮ್ಮೊಳಗೆ ಸಮಾಧಾನ ಮಾಡಿಕೊಳ್ಳಬೇಕಾಯಿತು. ಹೀಗಿರಲಾಗಿ 1564ರ ಸುಮಾರಿಗೆ ಚಾಂದಬೀಬಿಯನ್ನು ಅಲಿ ಆದಿಲಶಾಹನಿಗೆ ವಿವಾಹ ಮಾಡಿಕೊಟ್ಟು, ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಕೊಟ್ಟರು. ಅಲಿಯ ತಂಗಿಯನ್ನು ಹುಸೇನನ ಮಗನಿಗೆ ತಂದುಕೊಂಡರು. ಮರು ವರುಷವೇ, ಅಂದರೆ 1565ರ ಜನವರಿಯಲ್ಲಿ, ಮುದ್ದೇಬಿಹಾಳ ಸೀಮೆಯ ರಕ್ಕಸಗಿ ತಂಗಡಗಿಗಳ ಹೆಸರಿನಿಂದ ಪ್ರಸಿದ್ಧವಾದ ಆ ಮಹಾ ಯುದ್ಧವು ನಡೆದು ವಿಜಯನಗರವು ಹಾಳಾಯಿತು.

ಯುರೋಪ ಖಂಡದ ಅರಸರೂ ತಮ್ಮ ಕುಮಾರ್ತೆಯರನ್ನು ಹೀಗೆಯೇ ಒಡಂಬಡಿಕೆಯ ಮುದ್ರೆಯನ್ನಾಗಿ ಮಾಡುತ್ತಿದ್ದರು. ಜರ್ಮನಿಯ ಪ್ಯಾಲಟಿನೇಟ್ ಸೀಮೆಯ ಪ್ರಭುವಿನ ಮಗಳಾದ ಎಲಿಜಬೆತ್ ಶಾರ್ಲಟ್ ಎಂಬವಳನ್ನು 1671ರಲ್ಲಿ ಫ್ರಾನ್ಸಿನ ಅರಸನ ತಮ್ಮನಿಗೆ ಕೊಟ್ಟರು. ಹದಿನೆಂಟು ವರುಷಗಳ ಮೇಲೆ ಅದೇ ಅರಸನ ದಂಡು ಆಕೆಯ ತವರುಸೀಮೆಯ ಊರುಗಳನ್ನು ಸುಟ್ಟಾಗ ಆಕೆಯು ದುಃಖಪಡುವದರ ಹೊರತು ಏನೂ ಮಾಡಲಾರದೆ ಹೋದಳು. ಎರಡು ಮನೆಗಳ ನಡುವೆ ನಿಂತ ಸ್ತ್ರೀಯ ಸಂಕಟವು ಅರಮನೆಯಲ್ಲಿಯೂ ಗುಡಿಸಲಿನಲ್ಲಿಯೂ ಒಂದೇ.

ಚಾಂದಬೀಬಿಯು ಅನೇಕ ಭಾಷೆಗಳನ್ನು ಬಲ್ಲವಳೆಂದೂ, ಅವುಗಳಲ್ಲಿ ನಮ್ಮ ಕನ್ನಡವೂ ಒಂದೆಂದೂ ಹೇಳುವರು. ಆಕೆಗೆ ಮಕ್ಕಳಾಗಲಿಲ್ಲ. 1580ರಲ್ಲಿ ಅಲಿ ಆದಿಲಶಾಹನು ತನ್ನ ಅರಮನೆಯಲ್ಲಿಯೇ ಕೊಲ್ಲಲ್ಪಟ್ಟನು. ಅವನ ತಮ್ಮನ ಮಗನಾದ ಇಬ್ರಾಹಿಮನು ಪಟ್ಟಕ್ಕೆ ಬಂದಾಗ ಒಂಬತ್ತು ವರುಷದ ಬಾಲಕನು. ವಿಧವೆಯಾದ ರಾಣಿಯು ಆ ಹುಡುಗನನ್ನು ಸ್ವಂತ ಮಗನಂತೆ ಸಾಕಿ, ಅವನ ವಿದ್ಯಾಭ್ಯಾಸವನ್ನು ನೋಡಿಕೊಂಡು, ರಾಜ್ಯಭಾರದಲ್ಲಿ ಕೈಯಿಟ್ಟಳು.

ಆದರೆ ಸರದಾರರು ಬಾಲಕನ ಹೆಸರಿನಲ್ಲಿ ತಾವೇ ಆಳಬೇಕೆಂದು ಬಯಸಿದರು. ಮೊದಲು ಕಾಮಿಲಖಾನನು ರಾಣಿಯನ್ನು ಅಲಕ್ಷ್ಯಮಾಡಿದನು. ಅವನನ್ನು ತೆಗೆದುಹಾಕಲು ಆಕೆಯು ಕಿಶ್ವರಖಾನನನ್ನು ಮುಂದೆ ತಂದಳು. ಇವನಾದರೋ ಅವನಿಗಿಂತಲೂ ಕ್ರೂರನಾದನು. ಇವನು ಬಂಕಾಪುರದಲ್ಲಿದ್ದ ಮುಸ್ತಫಾಖಾನನೆಂಬ ಹಿರಿಯ ಸರದಾರನನ್ನು ಕೊಲ್ಲಿಸಲು, ರಾಣಿಯು ಇದು ಅನ್ಯಾಯವೆಂದು ಗದರಿಸಿದಳು. ಆಗ ಕಿಶ್ವರಖಾನನು, ಈಕೆಯು ತನ್ನ ಅಣ್ಣತಮ್ಮಂದಿರ ಪಕ್ಷದವಳು, ಅಹಮದನಗರದ ದಂಡನ್ನು ನಮ್ಮ ಮೇಲೆ ಕರಿಸುವವಳು ಎಂದು ಅಪವಾದ ಹೊರಿಸಿ, ಆಕೆಯನ್ನು ಬಲಾತ್ಕಾರದಿಂದ ಅರಮನೆಯಿಂದ ಹೊರಡಿಸಿ ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟನು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ತವರಿನವರು ಹೇಳುವರು. ಬಂದ ಹೆಣ್ಣು ಪರರ ಮನೆಯವಳು ಎಂದು ಗಂಡನ ಮನೆಯವರು ಹೇಳುವರು. ಆಕೆಗೂ ಅದೇ ಗತಿಯಾಯಿತು.

ಆದರೂ ಸುಳ್ಳು ಬಹಳ ದಿವಸ ನಿಲ್ಲಲಿಲ್ಲ. ಹಬಶಿ ಸರದಾರರು ಕಿಶ್ವರಖಾನನ ಮೇಲೆ ಎದ್ದರು. ಅವನು ಗೋಲಕೊಂಡೆಗೆ ಓಡಿಹೋಗಿ, ಮುಸ್ತಫಾಖಾನನ ಕಡೆಯವನೊಬ್ಬನ ಕೈಯಿಂದ ಅಲ್ಲಿ ಸತ್ತನು. ರಾಣಿಯು ಬಿಡುಗಡೆಯಾಗಿ ವಿಜಾಪುರಕ್ಕೆ ಬಂದಳು. ಸ್ವಲ್ಪ ಕಾಲದೊಳಗೆ ಅಹಮದನಗರದ ಮತ್ತು ಗೋಲಕೊಂಡೆಯ ದಂಡುಗಳು ಕೂಡಿ ಪಟ್ಟಣಕ್ಕೆ ಮುತ್ತಿಗೆ ಹಾಕಿದವು. ಅಹಮದನಗರದ ಅರಸನು ಆಕೆಯ ಒಡಹುಟ್ಟಿದ ಮುರ್ತಜಾ ನಿಜಾಮಶಾಹನೇ. ಒಳಗೆ ಸೈನಿಕರು ಸ್ವಲ್ಪ ಜನ, ಸರದಾರರಲ್ಲಿ ಐಕ್ಯವಿಲ್ಲ. ಕಡೆಗೆ ಅವರು ರಾಣಿಯು ನೇಮಿಸಿದವನಿಗೆ ಅಧೀನರಾಗುವೆವೆಂದು ಒಪ್ಪಲು, ಆಕೆಯು ಅಬುಲ್ ಹಸನನೆಂಬವನನ್ನು ಮಂತ್ರಿಯನ್ನಾಗಿ ನೇಮಿಸಿದಳು. ಮುತ್ತಿಗೆಯು ಮುರಿಯಿತು; ಪಟ್ಟಣವು ಉಳಿಯಿತು. ತವರಿನ ಪಕ್ಷದವಳೆಂದು ಯಾರನ್ನು ದೂರಿದ್ದರೋ ಆಕೆಯೇ ತವರಿನ ದಂಡಿನಿಂದ ವಿಜಾಪುರವನ್ನು ತಪ್ಪಿಸಿದಳು.

ತರುವಾಯ ಅಧಿಕಾರವು ದಿಲಾವರಖಾನನ ಕೈಸೇರಿತು. 1584ರಲ್ಲಿ ಇಬ್ರಾಹಿಮನ ತಂಗಿಯನ್ನು ಮುರ್ತಜಾನ ಮಗನಿಗೆ ಕೊಟ್ಟಾಗ ಚಾಂದಬೀಬಿಯು ಮದುಮಗಳ ಸಂಗಡ ಅಹಮದನಗರಕ್ಕೆ ಹೋದಳು. ಆ ಮನೆತನಕ್ಕೆ ಕೇಡಿನ ಕಾಲ ಬಂದಿತ್ತು. 1588ರಲ್ಲಿ ಮಗನು ತಂದೆಯನ್ನು ಕೊಲ್ಲಿಸಿದನು. ಮರು ವರುಷ ಅವನೂ ಹತನಾದನು. 1595ರಲ್ಲಿ ಪಟ್ಟವು ಬರಿದಾದಾಗ ಸರದಾರರಲ್ಲಿ ಒಬ್ಬನು ಮೊಗಲರನ್ನು ಸಹಾಯಕ್ಕೆ ಕರೆದನು. ಅಕಬರ ಬಾದಶಹನ ಮಗನಾದ ಮುರಾದನು ದೊಡ್ಡ ದಂಡಿನಿಂದ ಬಂದು ಕೋಟೆಯನ್ನು ಸುತ್ತಿಕೊಂಡನು. ಚಾಂದಬೀಬಿಯು ತನ್ನ ಒಡಹುಟ್ಟಿದವನ ಮೊಮ್ಮಗನಾದ ಬಹಾದುರನೆಂಬ ಕೂಸಿನ ಪಕ್ಷವನ್ನು ಹಿಡಿದು, ಕೋಟೆಯೊಳಗೆ ನಿಂತಳು. ಹೀಗೆ ಎರಡನೆಯ ಸಾರಿ ಪರರ ಮಗುವಿಗೆ ತಾಯಿಯಾದಳು.

ಮೊಗಲರು ಗೋಡೆಯ ಬುಡದಲ್ಲಿ ಸುರಂಗಗಳನ್ನು ತೋಡಿ ಮದ್ದು ತುಂಬಿದರು. ಒಳಗಿನವರು ಎದುರು ತೋಡಿ ಎರಡನ್ನು ನಿಷ್ಫಲ ಮಾಡುವಷ್ಟರಲ್ಲಿ ಒಂದು ಹಾರಿ, ಗೋಡೆಯು ಬಹು ದೂರ ಕುಸಿಯಿತು. ಕಾವಲಿನವರು ಹೆದರಿ ಓಡತೊಡಗಿದರು. ಆಗ ರಾಣಿಯು ಕವಚವನ್ನು ತೊಟ್ಟು, ಮುಖಕ್ಕೆ ಮುಸುಕು ಹಾಕಿಕೊಂಡು, ಬಿಚ್ಚುಗತ್ತಿಯಿಂದ ಆ ಒಡಕಿನಲ್ಲಿ ಬಂದು ನಿಂತಳು. ಅದನ್ನು ಕಂಡು ಓಡಿದವರು ನಾಚಿ ತಿರುಗಿದರು. ಸಾಯಂಕಾಲದ ವರೆಗೆ ಶತ್ರುಗಳಿಗೆ ಒಳಗೆ ಬರಲಾಗಲಿಲ್ಲ. ರಾತ್ರಿಯಲ್ಲೇ ಗೋಡೆಯನ್ನು ಆಳೆತ್ತರಕ್ಕೆ ಕಟ್ಟಿಸಿದಳು. ಇಷ್ಟರಲ್ಲಿ ತಾನು ಸಾಕಿದ ಇಬ್ರಾಹಿಮನು ವಿಜಾಪುರದಿಂದ ಸಹಾಯಕ್ಕೆ ದಂಡನ್ನು ಕಳುಹಿಸಿದನು. 1596ರಲ್ಲಿ ಸಂಧಿಯಾಯಿತು. ವರ್ಹಾಡ ಸೀಮೆಯನ್ನು ಬಿಟ್ಟುಕೊಟ್ಟು, ರಾಜ್ಯವನ್ನೂ ಮಗುವನ್ನೂ ಉಳಿಸಿಕೊಂಡಳು. ಅಂದಿನಿಂದ ಜನರು ಆಕೆಯನ್ನು ಚಾಂದ ಸುಲ್ತಾನಳೆಂದು ಕರೆದರು.

1600ರಲ್ಲಿ ಮೊಗಲರು ಮತ್ತೆ ಬಂದರು. ಈ ಸಾರಿ ಸರದಾರರು ಒಡೆದುಹೋಗಿದ್ದರು. ಕೋಟೆಯು ನಿಲ್ಲದೆಂದು ರಾಣಿಯು ಅರಿತಳು. ಕೋಟೆಯನ್ನು ಬಿಟ್ಟುಕೊಟ್ಟು ಬಾಲಕನನ್ನೂ ಜನರ ಪ್ರಾಣವನ್ನೂ ಕಾಪಾಡುವದು ಲೇಸೆಂದು ಹಮೀದಖಾನನೆಂಬ ಅಧಿಕಾರಿಗೆ ಹೇಳಿದಳು. ಅವನು ಹೊರಗೆ ಓಡಿ, ರಾಣಿಯು ನಮ್ಮನ್ನು ಶತ್ರುಗಳಿಗೆ ಮಾರಿದಳೆಂದು ಬೀದಿಯಲ್ಲಿ ಕೂಗಿದನು. ನಿಜವೋ ಸುಳ್ಳೋ ಎಂದು ಯಾರೂ ವಿಚಾರಿಸಲಿಲ್ಲ. ಗುಂಪು ಒಳಗೆ ನುಗ್ಗಿ ಆಕೆಯನ್ನು ಕೊಂದಿತು. ಅದೇ ವರುಷ ಕೋಟೆಯು ಬಿದ್ದಿತು. ಕಾವಲಿನವರಲ್ಲಿ ಬಹು ಜನರು ಹತರಾದರು. ಬಾಲಕನಾದ ಬಹಾದುರನನ್ನು ಗ್ವಾಲಿಯರ ಕೋಟೆಗೆ ಸೆರೆ ಒಯ್ದರು. ಆಕೆಯು ತಪ್ಪಿಸಬೇಕೆಂದಿದ್ದ ಕೇಡೆಲ್ಲಾ ಆಕೆಯನ್ನು ಕೊಂದವರ ಮೇಲೆಯೇ ಬಂದಿತು.

ಆಕೆಯು ಸಾಕಿದ ಇಬ್ರಾಹಿಮನು 1627ರ ವರೆಗೆ ಆಳಿದನು. ಸಂಗೀತಪ್ರಿಯನೂ ಎಲ್ಲಾ ಮತದವರಿಗೆ ದಯಾಪರನೂ ಆದ ಅವನನ್ನು ಪ್ರಜೆಗಳು ಜಗದ್ಗುರುವೆಂದು ಕರೆದರು.

ಪ್ರಿಯ ವಾಚಕರೇ, ಈ ರಾಣಿಯ ಮೇಲೆ ಎರಡು ಸಾರಿಯೂ ಒಂದೇ ದೂರು ಬಂದದ್ದನ್ನು ಗಮನಿಸಿರಿ: ಈಕೆಯು ನಮ್ಮವಳಲ್ಲ, ಪರಪಕ್ಷದವಳು ಎಂಬದೇ. ವಿಜಾಪುರದಲ್ಲಿ ಸತ್ಯವು ಹೊರಬೀಳುವಷ್ಟು ಸಮಯವಿತ್ತು, ಅಹಮದನಗರದಲ್ಲಿ ಇರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಕೋಟೆಗಳೂ ಸುರಂಗಗಳೂ ಇಲ್ಲ. ಆದರೆ ಪರವೂರಿಂದ ಬಂದ ಸೊಸೆಯರುಂಟು; ಅವರ ಮೇಲೆ ಬೀದಿಯಲ್ಲಿ ಹಬ್ಬುವ ಮಾತುಗಳುಂಟು. ಅಂಥ ಮಾತು ಕಿವಿಗೆ ಬಿದ್ದಾಗ ಒಂದು ಗಳಿಗೆ ತಾಳಿ ವಿಚಾರಿಸುವವನು ಒಂದು ಮನೆಯನ್ನು ಉಳಿಸಿದವನಾಗುವನು.