ಬಡ ದೇಶಗಳ ಸಾಲಕ್ಕಾಗಿ ವಾದಿಸಿದ ವಿ.ಕೆ.ಆರ್.ವಿ. ರಾವ್

ಬೆಂಗಳೂರಿನ ಪಶ್ಚಿಮ ಭಾಗದ ನಿವಾಸಿಗಳಿಗೆ ಡಾ. ವಿ.ಕೆ.ಆರ್.ವಿ. ರಾವ್ ಎಂದರೆ ನಾಗರಬಾವಿಯ ಒಂದು ರಸ್ತೆ. ಆ ರಸ್ತೆಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು (ಐಸೆಕ್) 1972ರಲ್ಲಿ ಕಟ್ಟಿದವರು ಅವರೇ. ಅದಕ್ಕೂ ಎರಡು ದಶಕ ಮೊದಲೇ ಅವರ ಒಂದು ಪ್ರಸ್ತಾವ ವಿಶ್ವಸಂಸ್ಥೆಯಲ್ಲಿ ಶ್ರೀಮಂತ ರಾಷ್ಟ್ರಗಳನ್ನು ಕೆಣಕಿತ್ತು ಎಂಬುದು ಹೆಚ್ಚಿನವರಿಗೆ ತಿಳಿಯದು.

1908ರ ಜುಲೈ 8ರಂದು ಕಾಂಚೀಪುರದಲ್ಲಿ ಜನಿಸಿದ ರಾವ್, ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಅಭ್ಯಸಿಸಿ ಡಾಕ್ಟರೇಟ್ ಪಡೆದರು. ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕಿದ್ದು ಅವರಿಗೆ ಹೆಸರು ತಂದಿತು. 1931-32ರಲ್ಲಿ ತಲಾ ಆದಾಯ ವರ್ಷಕ್ಕೆ 62 ರೂಪಾಯಿ ಮಾತ್ರ ಎಂದು ಆ ಲೆಕ್ಕ ತೋರಿಸಿತು. ಬಡತನ ಅವರಿಗೆ ಭಾಷಣದ ವಸ್ತುವಾಗಿರಲಿಲ್ಲ, ಎಣಿಸಿ ಕಂಡುಕೊಂಡ ಸತ್ಯವಾಗಿತ್ತು.

ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿದ್ದ ಅವರು 1949ರಲ್ಲಿ ಹೊಸದೊಂದು ಸಂಸ್ಥೆಯ ಸ್ಥಾಪನೆಗೆ ಸಲಹೆ ಮುಂದಿಟ್ಟರು. ಯುದ್ಧದಿಂದ ಜರ್ಜರಿತವಾದ ಯೂರೋಪಿಗೆ ಮಾರ್ಷಲ್ ಯೋಜನೆಯಡಿ ಹಣ ಹರಿಯುತ್ತಿದ್ದ ಕಾಲವದು. ಏಷ್ಯಾ, ಆಫ್ರಿಕಾಗಳ ಬಡ ದೇಶಗಳು ವಿಶ್ವ ಬ್ಯಾಂಕಿನ ಬಡ್ಡಿ ತೆತ್ತು ಏಳಿಗೆ ಕಾಣಲಾರವು. ಅವುಗಳಿಗೆ ಕಡಿಮೆ ಬಡ್ಡಿಯ, ದೀರ್ಘಾವಧಿಯ ಸಾಲ ಬೇಕು ಎಂಬುದು ಅವರ ವಾದ. ಆ ಹಣ ವಿಶ್ವಸಂಸ್ಥೆಯ ಮೂಲಕವೇ ಬರಬೇಕೆಂಬುದು ಅದರ ತಿರುಳು. ಅಲ್ಲಿ ದೇಶಕ್ಕೊಂದು ಮತ. ಬ್ಯಾಂಕಿನಲ್ಲಾದರೋ ಬಂಡವಾಳ ಹಾಕಿದವರದೇ ಮಾತು.

ಅಮೆರಿಕ ಒಪ್ಪಲಿಲ್ಲ. ಇಂತಹ ಸಾಲ ಸಾಲವೇ ಅಲ್ಲ ಎಂಬುದು ವಿಶ್ವ ಬ್ಯಾಂಕ್ ಅಧ್ಯಕ್ಷ ಯೂಜೀನ್ ಬ್ಲ್ಯಾಕ್ ಅವರ ನಿಲುವಾಗಿತ್ತು. ಆದರೂ ಬಡ ದೇಶಗಳು ಬೇಡಿಕೆಯನ್ನು ಕೈಬಿಡದೆ ‘ಸನ್‌ಫೆಡ್’ ಎಂಬ ನಿಧಿಯ ಹೆಸರಿನಲ್ಲಿ ವರ್ಷಗಟ್ಟಲೆ ಚರ್ಚೆಯನ್ನು ಜೀವಂತವಾಗಿಟ್ಟವು. ಕೊನೆಗೆ 1960ರಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ (ಐಡಿಎ) ಸ್ಥಾಪನೆಯಾಯಿತು. ಐವತ್ತು ವರ್ಷಗಳ ಅವಧಿ, ಬಡ್ಡಿಯಿಲ್ಲ, ಮುಕ್ಕಾಲು ಶೇಕಡಾ ಸೇವಾ ಶುಲ್ಕ ಮಾತ್ರ. ರಾವ್ ಕೇಳಿದ್ದ ಸಾಲವೇನೋ ದೊರೆಯಿತು, ಆದರೆ ಅದರ ಕೀಲಿಕೈ ಅವರು ಬೇಡವೆಂದಿದ್ದ ವಿಶ್ವ ಬ್ಯಾಂಕಿನ ಕೈಯಲ್ಲೇ ಉಳಿಯಿತು. ಅರ್ಧ ಗೆಲುವು ಎನ್ನಬೇಕೇ, ಅರ್ಧ ಸೋಲೇ? ಅದೇ ಸಂಘದಿಂದ ದಶಕಗಳ ಕಾಲ ಅತಿ ಹೆಚ್ಚು ನೆರವು ಪಡೆದ ದೇಶ ಭಾರತ; 2014ರಲ್ಲಷ್ಟೇ ಆ ಪಟ್ಟಿಯಿಂದ ಹೊರಬಂದಿತು.

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಸ್ಥಾಪನೆ, ದೆಹಲಿ ವಿಶ್ವವಿದ್ಯಾಲಯದ ಕುಲಪತಿ ಸ್ಥಾನ, ಯೋಜನಾ ಆಯೋಗದ ಸದಸ್ಯತ್ವ ಹೀಗೆ ಅವರ ಹೊಣೆಗಳ ಪಟ್ಟಿ ಉದ್ದವಿದೆ. 1967 ಮತ್ತು 1971ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದ ರಾವ್, ಕೇಂದ್ರದಲ್ಲಿ ಸಾರಿಗೆ, ಅನಂತರ ಶಿಕ್ಷಣ ಖಾತೆಯ ಸಚಿವರಾಗಿದ್ದರು.

ಐಸೆಕ್ ಆರಂಭಿಸಿದಾಗ ಅವರಿಗೆ 64 ವರ್ಷ. ವಿಶ್ರಾಂತಿಯ ವಯಸ್ಸಿನಲ್ಲಿ ಇನ್ನೊಂದು ಸಂಸ್ಥೆಗೆ ಕೈಹಾಕಿದರು. ಅರ್ಥಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ಒಂದೇ ಸೂರಿನಡಿ ಕುಳಿತು ಅಭಿವೃದ್ಧಿಯನ್ನು ಅಳೆಯಬೇಕೆಂಬುದು ಅವರ ಹಂಬಲವಾಗಿತ್ತು. 1974ರಲ್ಲಿ ಪದ್ಮವಿಭೂಷಣ ಗೌರವ ಸಂದಿತು. 1991ರ ಜುಲೈ 25ರಂದು ಅವರು ನಿಧನರಾದರು. ಅದೇ ತಿಂಗಳು, ಸಾಲದ ಹೊರೆಯಿಂದ ಬಸವಳಿದಿದ್ದ ಭಾರತವು ಆರ್ಥಿಕ ಉದಾರೀಕರಣದ ಹಾದಿ ಹಿಡಿದಿತ್ತು.