ಆಸ್ಬ್ಯೋರ್ನ್ ಫೋಲಿಂಗ್

ಇವಾರ್ ಆಸ್ಬ್ಯೋರ್ನ್ ಫೋಲಿಂಗ್ (ಆಗಸ್ಟ್ ೨೩, ೧೮೮೮ – ಜನವರಿ ೨೪, ೧೯೭೩) ನಾರ್ವೆಯ ವೈದ್ಯ ಹಾಗೂ ಜೀವರಸಾಯನ ವಿಜ್ಞಾನಿ. ಹುಟ್ಟುವಾಗ ಆರೋಗ್ಯವಾಗಿಯೇ ಕಾಣುವ ಮಕ್ಕಳಲ್ಲಿ ತೀವ್ರ ಬುದ್ಧಿಮಾಂದ್ಯವನ್ನೂ, ಕೆಲವರಲ್ಲಿ ಅಪಸ್ಮಾರವನ್ನೂ ಉಂಟುಮಾಡುವ ಫಿನೈಲ್‌ಕೀಟೋನೂರಿಯ (ಪಿಕೆಯು) ಎಂಬ ಆನುವಂಶಿಕ ಚಯಾಪಚಯ ರೋಗವನ್ನು ಇವರು ೧೯೩೪ರಲ್ಲಿ ಪತ್ತೆಹಚ್ಚಿದರು. ನಾರ್ವೆಯಲ್ಲಿ ಈ ರೋಗವನ್ನು ಇಂದಿಗೂ ಫೋಲಿಂಗ್ ರೋಗ ಎಂದು ಕರೆಯುತ್ತಾರೆ.

ಜನನ ಮತ್ತು ಶಿಕ್ಷಣ

ಫೋಲಿಂಗ್ ಅವರು ಮಧ್ಯ ನಾರ್ವೆಯ ಸ್ಟೈನ್‌ಷೇರ್ ಬಳಿಯ ಕ್ವಾಮ್ ಎಂಬಲ್ಲಿ ಕೃಷಿಕ ಕುಟುಂಬದಲ್ಲಿ ಜನಿಸಿದರು. ಟ್ರಾನ್‌ಹೈಮ್‌ನ ತಾಂತ್ರಿಕ ವಿದ್ಯಾಲಯದಿಂದ ೧೯೧೬ರಲ್ಲಿ ರಸಾಯನಶಾಸ್ತ್ರದ ಪದವಿ ಪಡೆದರು. ಬಳಿಕ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ ೧೯೨೨ರಲ್ಲಿ ವೈದ್ಯಪದವಿಯನ್ನೂ ಗಳಿಸಿದರು. ೧೯೩೨ರಲ್ಲಿ ಓಸ್ಲೊ ವಿಶ್ವವಿದ್ಯಾಲಯದಲ್ಲಿ ಪೌಷ್ಟಿಕಾಂಶ ಸಂಶೋಧನೆಯ ಪ್ರಾಧ್ಯಾಪಕರಾದರು. ರಸಾಯನಶಾಸ್ತ್ರ ಮತ್ತು ವೈದ್ಯಶಾಸ್ತ್ರ ಎರಡರಲ್ಲೂ ಇದ್ದ ಪರಿಣತಿ ಮುಂದಿನ ಸಂಶೋಧನೆಗೆ ನೆರವಾಯಿತು.

ಇಬ್ಬರು ಮಕ್ಕಳ ಪ್ರಕರಣ

ಬೋರ್ಗ್ನಿ ಏಗಲಂಡ್ ಎಂಬ ತಾಯಿಗೆ ಇಬ್ಬರು ಮಕ್ಕಳಿದ್ದರು. ಆರು ವರ್ಷ ದಾಟಿದ್ದ ಮಗಳು ಕೆಲವೇ ಮಾತುಗಳನ್ನು ಆಡುತ್ತಿದ್ದಳು. ನಾಲ್ಕು ವರ್ಷದ ಮಗನಿಗೆ ನಡೆಯಲೂ ಮಾತನಾಡಲೂ ಬರುತ್ತಿರಲಿಲ್ಲ. ಮಕ್ಕಳ ಮೈಯಿಂದ ಒಂದು ವಿಚಿತ್ರ ವಾಸನೆ ಬರುವುದನ್ನು ತಾಯಿ ಗಮನಿಸಿದ್ದರು. ಹಲವು ವೈದ್ಯರನ್ನು ಕಂಡರೂ ಕಾರಣ ತಿಳಿಯಲಿಲ್ಲ. ಆದರೂ ಅವರು ಪ್ರಯತ್ನವನ್ನು ಕೈಬಿಡದೆ, ೧೯೩೪ರಲ್ಲಿ ಪತಿಯೊಡನೆ ಫೋಲಿಂಗ್ ಅವರ ನೆರವನ್ನು ಕೋರಿದರು.

ದೇಹಪರೀಕ್ಷೆಯಿಂದ ಹೆಚ್ಚೇನೂ ತಿಳಿಯದ ಕಾರಣ ಫೋಲಿಂಗ್ ಮಕ್ಕಳ ಮೂತ್ರವನ್ನು ಪರೀಕ್ಷಿಸಿದರು. ಮಧುಮೇಹಿಗಳ ಮೂತ್ರದಲ್ಲಿ ಕೀಟೋನುಗಳನ್ನು ಗುರುತಿಸಲು ಆಗ ಫೆರಿಕ್ ಕ್ಲೋರೈಡ್ ದ್ರಾವಣವನ್ನು ಬಳಸುತ್ತಿದ್ದರು. ಕೀಟೋನುಗಳಿದ್ದರೆ ಮೂತ್ರವು ಕಡುಗೆಂಪಿಗೆ ತಿರುಗುತ್ತದೆ. ಈ ಮಕ್ಕಳ ಮೂತ್ರ ಮಾತ್ರ ಗಾಢ ಹಸಿರು ಬಣ್ಣಕ್ಕೆ ತಿರುಗಿತು. ಔಷಧಿಗಳಿಂದ ಬಣ್ಣ ಬದಲಾಗಿರಬಹುದೆಂದು ಅವನ್ನು ಒಂದು ವಾರ ನಿಲ್ಲಿಸಿ ಮತ್ತೆ ಪರೀಕ್ಷಿಸಿದಾಗಲೂ ಅದೇ ಹಸಿರು ಕಂಡಿತು.

ಆ ವಸ್ತು ಯಾವುದೆಂದು ತಿಳಿಯಲು ಹೆಚ್ಚಿನ ಪ್ರಮಾಣದ ಮೂತ್ರ ಬೇಕಾಗಿತ್ತು. ತಾಯಿ ಅದನ್ನು ಸಂಗ್ರಹಿಸಿ ತಂದುಕೊಡುತ್ತಿದ್ದರು. ಸುಮಾರು ೨೨ ಲೀಟರ್ ಮೂತ್ರವನ್ನು ವಿಶ್ಲೇಷಿಸಿದ ಫೋಲಿಂಗ್, ಅದರಲ್ಲಿದ್ದುದು ಫಿನೈಲ್‌ಪೈರುವಿಕ್ ಆಮ್ಲವೆಂದು ಸಾಬೀತುಪಡಿಸಿದರು. ಬಳಿಕ ಬುದ್ಧಿಮಾಂದ್ಯರಿದ್ದ ಸಂಸ್ಥೆಗಳಲ್ಲಿ ೪೩೦ ಮಂದಿಯನ್ನು ಪರೀಕ್ಷಿಸಿ, ಇದೇ ಲಕ್ಷಣವುಳ್ಳ ಇನ್ನೂ ಎಂಟು ಮಂದಿಯನ್ನು ಗುರುತಿಸಿದರು. ಒಂದೇ ಕುಟುಂಬದ ಮಕ್ಕಳಲ್ಲಿ ಈ ಲಕ್ಷಣ ಕಂಡುಬಂದುದರಿಂದ ರೋಗವು ಆನುವಂಶಿಕವಿರಬೇಕೆಂದು ಊಹಿಸಿದರು. ಸಂಶೋಧನೆಯು ಅದೇ ವರ್ಷ ಜರ್ಮನ್ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ರೋಗದ ಸ್ವರೂಪ

ಫಿನೈಲ್‌ಅಲನಿನ್ ಎಂಬುದು ಹಾಲು, ಬೇಳೆಕಾಳು, ಮಾಂಸ ಮೊದಲಾದ ಆಹಾರಗಳ ಪ್ರೋಟೀನಿನಲ್ಲಿರುವ ಅಮೈನೋ ಆಮ್ಲ. ಯಕೃತ್ತಿನ ಒಂದು ಕಿಣ್ವವು ಅದನ್ನು ಟೈರೊಸಿನ್ ಆಗಿ ಮಾರ್ಪಡಿಸುತ್ತದೆ. ಈ ಕಿಣ್ವದ ಕೊರತೆಯಿರುವ ಮಕ್ಕಳ ರಕ್ತದಲ್ಲಿ ಫಿನೈಲ್‌ಅಲನಿನ್ ಶೇಖರಗೊಂಡು, ಬೆಳೆಯುತ್ತಿರುವ ಮಿದುಳಿಗೆ ಹಾನಿ ಮಾಡುತ್ತದೆ. ಅದರ ಒಂದು ಭಾಗ ಬೇರೆ ಆಮ್ಲಗಳಾಗಿ ಮೂತ್ರ ಮತ್ತು ಬೆವರಿನಲ್ಲಿ ಹೊರಬರುತ್ತದೆ. ತಾಯಿ ಗುರುತಿಸಿದ್ದ ವಾಸನೆಗೆ ಇದೇ ಕಾರಣ.

ನಂತರದ ಬೆಳವಣಿಗೆಗಳು

ಕಾರಣ ತಿಳಿದರೂ ಆ ಇಬ್ಬರು ಮಕ್ಕಳಿಗೆ ನೀಡಬಹುದಾದ ಚಿಕಿತ್ಸೆ ಆಗ ಇರಲಿಲ್ಲ. ಫಿನೈಲ್‌ಕೀಟೋನೂರಿಯ ಎಂಬ ಹೆಸರನ್ನು ಇಂಗ್ಲೆಂಡಿನ ಲಯೊನೆಲ್ ಪೆನ್‌ರೋಸ್ ಬಳಕೆಗೆ ತಂದರು. ೧೯೫೦ರ ದಶಕದ ಆರಂಭದಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಸಹೋದ್ಯೋಗಿಗಳು ಫಿನೈಲ್‌ಅಲನಿನ್ ಕಡಿಮೆಯಿರುವ ಆಹಾರವನ್ನು ರೂಪಿಸಿ ಬಾಲಕಿಯೊಬ್ಬಳಿಗೆ ನೀಡಿದರು. ಮಗಳಿಗೆ ಚಿಕಿತ್ಸೆ ಬೇಕೆಂದು ಅಲ್ಲಿಯೂ ಪಟ್ಟುಹಿಡಿದವರು ತಾಯಿಯೇ. ೧೯೬೦ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ, ಶಿಶುವಿನ ಹಿಮ್ಮಡಿಯಿಂದ ಪಡೆದ ರಕ್ತದ ಹನಿಯಿಂದ ರೋಗವನ್ನು ಗುರುತಿಸುವ ಸರಳ ಪರೀಕ್ಷೆಯನ್ನು ಜಾರಿಗೆ ತಂದರು. ಇದರಿಂದ ಹುಟ್ಟಿದ ಕೆಲವೇ ದಿನಗಳಲ್ಲಿ ಪಥ್ಯವನ್ನು ಆರಂಭಿಸಿ ಬುದ್ಧಿಮಾಂದ್ಯವನ್ನು ತಡೆಯುವುದು ಸಾಧ್ಯವಾಯಿತು. ಇಂದು ಅನೇಕ ದೇಶಗಳಲ್ಲಿ ನವಜಾತ ಶಿಶುಗಳಿಗೆ ಈ ರೋಗದ ತಪಾಸಣೆ ನಡೆಯುತ್ತದೆ.

ಕೊನೆಯ ವರ್ಷಗಳು

ಫೋಲಿಂಗ್ ಮುಂದೆ ನಾರ್ವೆಯ ಪಶುವೈದ್ಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ೧೯೫೩ರಿಂದ ೧೯೫೮ರವರೆಗೆ ಓಸ್ಲೊದ ರಿಕ್ಸ್‌ಹಾಸ್ಪಿಟಾಲೆಟ್ ಆಸ್ಪತ್ರೆಯ ಕೇಂದ್ರ ಪ್ರಯೋಗಾಲಯದ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿದರು. ೧೯೬೨ರಲ್ಲಿ ಅವರಿಗೆ ಅಮೆರಿಕದ ಜೋಸೆಫ್ ಪಿ. ಕೆನಡಿ ಜೂನಿಯರ್ ಪ್ರತಿಷ್ಠಾನದ ಅಂತರರಾಷ್ಟ್ರೀಯ ಪ್ರಶಸ್ತಿ ದೊರೆಯಿತು. ೧೯೭೩ರಲ್ಲಿ ತಮ್ಮ ೮೪ನೆಯ ವಯಸ್ಸಿನಲ್ಲಿ ನಿಧನರಾದರು.