ಏಟು ತಿಂದೇ ಗೆದ್ದ ಆ್ಯಡ್ ವೋಲ್ಗಾಸ್ಟ್

ಪೀಣ್ಯದ ನಮ್ಮ ಶಾಲೆಯ ದೈಹಿಕ ಶಿಕ್ಷಕನಾಗಿ ನಾನು ಪ್ರತಿ ವರ್ಷ ಮಕ್ಕಳಿಗೆ ತಪ್ಪದೆ ಹೇಳುವುದು ಅಮೆರಿಕದ ಬಾಕ್ಸರ್ ಆ್ಯಡ್ ವೋಲ್ಗಾಸ್ಟ್ ಕಥೆ. 1888ರಲ್ಲಿ ಮಿಷಿಗನ್‌ನಲ್ಲಿ ಹುಟ್ಟಿದ ಈತನಿಗೆ ಏಟು ತಪ್ಪಿಸಿಕೊಳ್ಳುವುದಕ್ಕಿಂತ ಒಂದು ತಿಂದು ಎರಡು ಕೊಡುವುದೇ ಇಷ್ಟ. 1910ರ ಫೆಬ್ರವರಿ 22ರಂದು ಬ್ಯಾಟ್ಲಿಂಗ್ ನೆಲ್ಸನ್‌ನನ್ನು 40ನೇ ಸುತ್ತಿನಲ್ಲಿ ಸೋಲಿಸಿ ಲೈಟ್‌ವೇಟ್ ವಿಶ್ವ ಚಾಂಪಿಯನ್ ಆದ. 1912ರಲ್ಲಿ ಪಟ್ಟ ಕೈತಪ್ಪಿತು. ತಿಂದ ಏಟುಗಳು ಮಾತ್ರ ತಲೆಯಲ್ಲಿ ಉಳಿದವು. ಬುದ್ಧಿ ಮಂಕಾಗಿ, ಎಂದೂ ನಡೆಯದ ಪಂದ್ಯಕ್ಕೆ ದಿನವೂ ತಾಲೀಮು ಮಾಡುತ್ತಿದ್ದ. ಕೊನೆಯ ವರ್ಷಗಳನ್ನು ಕ್ಯಾಲಿಫೋರ್ನಿಯಾದ ಮಾನಸಿಕ ಆಸ್ಪತ್ರೆಗಳಲ್ಲಿ ಕಳೆದು 1955ರಲ್ಲಿ ತೀರಿಕೊಂಡ.

ತಲೆಗೆ ಪೆಟ್ಟು ಬಿದ್ದರೂ ಆಡುತ್ತೇನೆಂದು ಹಟ ಹಿಡಿಯುವ ಮಕ್ಕಳನ್ನು ನಾನು ಹೊರಗೆ ಕೂರಿಸುತ್ತೇನೆ, ಫೈನಲ್ ಪಂದ್ಯವಾದರೂ ಸರಿ. ಪೋಷಕರು ಬೇಸರಪಡಬಾರದು.